ರಮಝಾನ್‌ಗೆ ಮುನ್ನ ಡಾಕ್ಟರಿಗೆ ಹೇಳಬೇಕಾದ ಮಾತು

ರಮಝಾನ್ ಹತ್ತಿರವಾಗುತ್ತಿದ್ದಂತೆ ನಮ್ಮ ಕೆಲವು ಮನೆಗಳಲ್ಲಿ ಹೆಂಗಸರು ಬಾಯಿಬಿಟ್ಟು ಹೇಳದ ಒಂದು ದುಆ ಇರುತ್ತದೆ: ‘ಯಾ ಅಲ್ಲಾಹ್, ಈ ತಿಂಗಳಾದರೂ ಇವರು ಅದನ್ನು ಬಿಡಲಿ.’ ‘ಅದು’ ಏನೆಂದು ಯಾರೂ ಹೆಸರಿಟ್ಟು ಹೇಳುವುದಿಲ್ಲ. ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಾಗಿಯೇ ಕುಡಿಯುವವನು ಮನೆಯಲ್ಲಿದ್ದರೆ ಅದನ್ನು ಮುಚ್ಚಿಡುವುದೂ ನಮ್ಮಲ್ಲಿ ಹೆಚ್ಚು.

ಮಲಪನಗುಡಿಯಲ್ಲಿ ಇಂಥದೊಂದು ಮನೆ ಇದೆಯೆಂದು ಕಲ್ಪಿಸಿಕೊಳ್ಳಿ. ಯಜಮಾನನಿಗೆ ನಲವತ್ತೈದು ವರ್ಷ. ಸಂಡೂರು ಕಡೆಯ ಗಣಿಗಳಿಂದ ಅದಿರು ಸಾಗಿಸುವ ಲಾರಿಯ ಡ್ರೈವರ್. ಹದಿನೈದು ವರ್ಷಗಳಿಂದ ದಿನವೂ ರಾತ್ರಿ ಕುಡಿಯುವ ಚಟ. ಈ ಸಲ ಚಾಂದ್ ಕಂಡ ಸಂಜೆ ಕಣ್ಣೀರಿಟ್ಟು ತೌಬಾ ಮಾಡಿದ, ಬಾಟಲಿ ಮುಟ್ಟಲಿಲ್ಲ. ಅಂದು ರಾತ್ರಿ ಕೈ ನಡುಗಿತು, ಮೈಯೆಲ್ಲ ಬೆವರಿತು, ತಲೆ ಸಿಡಿಯಿತು. ಎರಡು ಪ್ಯಾರಸಿಟಮಾಲ್ ನುಂಗಿ ಮಲಗಿದ. ಸಹರಿಗೆ ಎದ್ದು ಮತ್ತೆರಡು ನುಂಗಿದ. ಮೊದಲ ಉಪವಾಸದ ಅಸರ್ ಹೊತ್ತಿಗೆ ಫಿಟ್ಸ್ ಬಂದು ಅಂಗಳದಲ್ಲೇ ಬಿದ್ದ. ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು: “ಕುಡಿಯೋ ಅಭ್ಯಾಸ ಇದೆಯಾ?” ಹೆಂಡತಿ ಅತ್ತೆಯ ಮುಖ ನೋಡಿದಳು. ಅತ್ತೆ ಹೇಳಿದರು: “ಇಲ್ಲ ಡಾಕ್ಟ್ರೇ, ನಮ್ದು ನಮಾಜಿ ಮನೆ. ಉಪವಾಸ ಬೇರೆ ಇದ್ದಾನೆ.”

ಈ ಮನೆ ಕಲ್ಪನೆಯದು, ಆದರೆ ಆ ‘ಇಲ್ಲ’ ಕಲ್ಪನೆಯದಲ್ಲ. ಆ ಒಂದು ಮಾತಿನಿಂದ ಡಾಕ್ಟರ ಲೆಕ್ಕವೆಲ್ಲ ಏಕೆ ತಪ್ಪುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಔಷಧಿಯ ಪ್ರಮಾಣ ನಿರ್ಧಾರವಾಗುವುದು ಹೇಗೆ?

ನಾವು ನುಂಗಿದ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಮಾಡುತ್ತದೆ. ಕೆಲಸ ಮುಗಿದ ಮೇಲೆ ಅದು ದೇಹದಿಂದ ಹೊರಗೆ ಹೋಗಬೇಕು. ಬಹಳಷ್ಟು ಔಷಧಿಗಳನ್ನು ಒಡೆದು, ಮೂತ್ರ ಅಥವಾ ಪಿತ್ತದ ಮೂಲಕ ಹೊರಹೋಗುವಂತೆ ಮಾಡುವುದು ಪಿತ್ತಜನಕಾಂಗ, ಅಂದರೆ ಲಿವರ್. ಒಡೆಯುವ ಕೆಲಸ ಅಲ್ಲಿರುವ ಕಿಣ್ವಗಳದು. ‘ದಿನಕ್ಕೆ ಎರಡು ಮಾತ್ರೆ’ ಎಂದು ಡಾಕ್ಟರ್ ಬರೆಯುವಾಗ, ಆರೋಗ್ಯವಂತ ಲಿವರ್ ಅದನ್ನು ಎಷ್ಟು ಗಂಟೆಯಲ್ಲಿ ಒಡೆಯುತ್ತದೆ ಎಂಬ ಲೆಕ್ಕ ಅದರ ಹಿಂದೆ ಇರುತ್ತದೆ. ಲಿವರಿನ ವೇಗ ಹೆಚ್ಚಿದರೆ ಅದೇ ಮಾತ್ರೆ ಸಾಲದಾಗುತ್ತದೆ. ವೇಗ ಕುಗ್ಗಿದರೆ ಅದೇ ಮಾತ್ರೆ ಮೈಯಲ್ಲಿ ಉಳಿದು ವಿಷವಾಗುತ್ತದೆ.

ನಮ್ಮ ಕಡೆ ಕಬ್ಬಿನ ಆಲೆಮನೆ ನೋಡದವರು ಕಡಿಮೆ. ಲಿವರನ್ನು ಒಂದು ಆಲೆಮನೆ ಎಂದುಕೊಳ್ಳಿ. ಎಂದೋ ಒಂದು ದಿನ ಕಬ್ಬಿನ ದೊಡ್ಡ ಗಾಡಿ ಬಂದು ನಿಂತರೆ ಉಳಿದವರ ಕಬ್ಬು ಕಾಯಬೇಕಾಗುತ್ತದೆ. ದಿನವೂ ಅಂಥ ಗಾಡಿ ಬರತೊಡಗಿದರೆ ಮಾಲೀಕ ಇನ್ನೊಂದು ಗಾಣ ಹೂಡುತ್ತಾನೆ, ಆಗ ಎಲ್ಲರ ಕಬ್ಬೂ ಬೇಗ ಅರೆದು ಮುಗಿಯುತ್ತದೆ. ವರ್ಷಗಟ್ಟಲೆ ಹಗಲು ರಾತ್ರಿ ಓಡಿದ ಗಾಣ ಕೊನೆಗೊಂದು ದಿನ ಮುರಿದು ಬೀಳುತ್ತದೆ. ಮದ್ಯ ಲಿವರಿಗೆ ಮಾಡುವುದೂ ಈ ಮೂರನ್ನೇ.

ಮೂರು ಹಂತಗಳು

ಮೊದಲ ಹಂತ, ಕುಡಿದ ಆ ಹೊತ್ತು. ಲಿವರ್ ಮದ್ಯವನ್ನು ಒಡೆಯುವುದರಲ್ಲಿ ತೊಡಗಿರುತ್ತದೆ. ಜೊತೆಗೆ ನುಂಗಿದ ಔಷಧಿ ಕಾಯುತ್ತಾ ರಕ್ತದಲ್ಲೇ ಉಳಿಯುತ್ತದೆ. ನಿದ್ರೆ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಮುಂತಾದವುಗಳ ಪರಿಣಾಮ ಆಗ ಮಿತಿ ಮೀರಬಹುದು.

ಎರಡನೆಯ ಹಂತ, ವರ್ಷಗಟ್ಟಲೆ ಕುಡಿದ ಮೇಲಿನದು. ಮಾಮೂಲಿ ಕಿಣ್ವಗಳಿಂದ ಮದ್ಯ ಮುಗಿಯದಾದಾಗ ಲಿವರ್ ಮತ್ತೊಂದು ವ್ಯವಸ್ಥೆಯನ್ನು ಬೆಳೆಸಿಕೊಳ್ಳುತ್ತದೆ. ಅಮೆರಿಕದ ವೈದ್ಯ ವಿಜ್ಞಾನಿ ಚಾರ್ಲ್ಸ್ ಲೀಬರ್ ಮತ್ತು ಅವರ ಸಹೋದ್ಯೋಗಿ ಡಿಕಾರ್ಲಿ 1968ರಲ್ಲಿ ಇದನ್ನು ವಿವರಿಸಿದರು. ಈ ವ್ಯವಸ್ಥೆಯ ಮುಖ್ಯ ಕಿಣ್ವದ ಹೆಸರು ಸಿವೈಪಿ 2ಇ1. ದಿನವೂ ಹೆಚ್ಚಾಗಿ ಕುಡಿಯುವವರಲ್ಲಿ ಇದು ಹಲವು ಪಟ್ಟು ಹೆಚ್ಚುತ್ತದೆ. ‘ನಮ್ಮವನು ಎಷ್ಟು ಕುಡಿದರೂ ತೂರಾಡುವುದಿಲ್ಲ’ ಎಂದು ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಅದು ಗಟ್ಟಿತನವಲ್ಲ. ಲಿವರು ಮತ್ತು ಮೆದುಳು ಎರಡೂ ಮದ್ಯಕ್ಕೆ ಒಗ್ಗಿಹೋಗಿವೆ ಎಂಬುದರ ಲಕ್ಷಣ. ಹೀಗೆ ಹೆಚ್ಚಿದ ಕಿಣ್ವಗಳು ಮದ್ಯದ ಜೊತೆ ಬೇರೆ ಔಷಧಿಗಳನ್ನೂ ಬೇಗ ಒಡೆಯುತ್ತವೆ.

ಮೂರನೆಯ ಹಂತ, ಲಿವರ್ ಗಾಯದ ಕಲೆಗಳಿಂದ ಗಟ್ಟಿಯಾದಾಗ, ಅಂದರೆ ಸಿರೋಸಿಸ್ ಆದಾಗ. ಆಗ ಔಷಧಿ ಒಡೆಯುವ ಶಕ್ತಿಯೇ ಕುಸಿಯುತ್ತದೆ. ಬೇರೆಯವರಿಗೆ ಒಂದು ರಾತ್ರಿ ನಿದ್ರೆ ಕೊಡುವ ಡಯಾಜೆಪಾಮ್ ಇವರಲ್ಲಿ ದಿನಗಟ್ಟಲೆ ಉಳಿದು ಪ್ರಜ್ಞೆ ತಪ್ಪಿಸಬಹುದು.

ಒಬ್ಬನೇ ಮನುಷ್ಯನಿಗೆ ಒಂದು ಕಾಲದಲ್ಲಿ ಮಾತ್ರೆ ಸಾಲದಾಗಿ, ಇನ್ನೊಂದು ಕಾಲದಲ್ಲಿ ಅದೇ ಮಾತ್ರೆ ಅತಿಯಾಗುವುದು ಇದರಿಂದಲೇ. ಅವನು ಯಾವ ಹಂತದಲ್ಲಿದ್ದಾನೆ ಎಂದು ತಿಳಿಯಬೇಕಾದರೆ ಡಾಕ್ಟರಿಗೆ ನಿಜ ಗೊತ್ತಿರಬೇಕು.

ಪ್ಯಾರಸಿಟಮಾಲ್: ಮನೆಯಲ್ಲೇ ಇರುವ ಅಪಾಯ

ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ ಔಷಧಿ. ಅದರ ಹೆಚ್ಚಿನ ಭಾಗ ನಿರುಪದ್ರವಿಯಾಗಿ ಹೊರಹೋಗುತ್ತದೆ. ಸ್ವಲ್ಪ ಭಾಗವನ್ನು ಮಾತ್ರ ಸಿವೈಪಿ 2ಇ1 ಕಿಣ್ವ ಒಂದು ವಿಷವಸ್ತುವಾಗಿ ಮಾರ್ಪಡಿಸುತ್ತದೆ. ಲಿವರಿನಲ್ಲಿರುವ ಗ್ಲುಟಥಯೋನ್ ಎಂಬ ರಕ್ಷಕ ವಸ್ತು ಆ ವಿಷವನ್ನು ಕೂಡಲೇ ನಿಷ್ಕ್ರಿಯಗೊಳಿಸುತ್ತದೆ. ಹಳೆಯ ಕುಡುಕನಲ್ಲಿ ವಿಷ ತಯಾರಿಸುವ ಕಿಣ್ವ ಹೆಚ್ಚಾಗಿರುತ್ತದೆ. ಕುಡಿತದಿಂದಲೂ ಸರಿಯಾಗಿ ಊಟ ಮಾಡದಿರುವುದರಿಂದಲೂ ರಕ್ಷಕ ವಸ್ತು ಕಡಿಮೆಯಾಗಿರುತ್ತದೆ.

ಕುಡಿತ ನಿಲ್ಲಿಸಿದ ಮೊದಲ ಕೆಲವು ದಿನಗಳು ಇನ್ನೂ ಸೂಕ್ಷ್ಮ. ಮದ್ಯ ರಕ್ತದಲ್ಲಿ ಇರುವಷ್ಟು ಹೊತ್ತು ಆ ಕಿಣ್ವ ಅದರ ಕೆಲಸದಲ್ಲೇ ಸಿಕ್ಕಿಕೊಂಡಿರುತ್ತದೆ. ಮದ್ಯ ಹೋದ ಕೂಡಲೇ ಕಿಣ್ವದ ಕೈ ಖಾಲಿಯಾಗುತ್ತದೆ. ಆದರೆ ಅದರ ಪ್ರಮಾಣ ಮಾಮೂಲಿಗೆ ಇಳಿಯಲು ದಿನಗಳು ಹಿಡಿಯುತ್ತವೆ. ನಮ್ಮ ಡ್ರೈವರ್ ತಲೆನೋವೆಂದು ಮಾತ್ರೆ ನುಂಗಿದ್ದು ಇದೇ ಸಮಯದಲ್ಲಿ.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಪ್ಯಾರಸಿಟಮಾಲ್ ಮೇಲ್ಮಿತಿ. ದಿನವೂ ಕುಡಿಯುವವರಿಗೆ 2 ಗ್ರಾಂ ದಾಟದಂತೆ ವೈದ್ಯರು ನೋಡಿಕೊಳ್ಳುತ್ತಾರೆ. 650 ಮಿ.ಗ್ರಾಂ ಮಾತ್ರೆಯಾದರೆ ದಿನಕ್ಕೆ ಮೂರಕ್ಕೇ ಆ ಮಿತಿ ಮುಗಿಯಿತು. ನೆಗಡಿ-ಜ್ವರದ ಬಹಳಷ್ಟು ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಸೇರಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದರ ಬದಲು ಬೇರೆ ನೋವಿನ ಮಾತ್ರೆಯನ್ನು ತಾವಾಗಿ ನುಂಗುವುದೂ ಸರಿಯಲ್ಲ. ಕುಡಿಯುವವರಲ್ಲಿ ಅವು ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಹುದು.

ಟಿ.ಬಿ., ಫಿಟ್ಸ್ ಮತ್ತು ಸಕ್ಕರೆ ಕಾಯಿಲೆಯವರು

ಕ್ಷಯರೋಗದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಔಷಧಿಗಳು ಲಿವರಿಗೆ ಹೊರೆಯಾಗುವಂಥವು. ಕುಡಿತ ಜೊತೆ ಸೇರಿದರೆ ಕಾಮಾಲೆಯ ಅಪಾಯ ಹೆಚ್ಚು. ರಿಫಾಂಪಿಸಿನ್ ತಾನೇ ಲಿವರ್ ಕಿಣ್ವಗಳನ್ನು ಬಲವಾಗಿ ಹೆಚ್ಚಿಸುವ ಔಷಧಿ. ಅದರಿಂದ ಗರ್ಭನಿರೋಧಕ ಮಾತ್ರೆ, ವಾರ್ಫರಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಶಕ್ತಿ ಕಳೆದುಕೊಳ್ಳುತ್ತವೆ. ಟಿ.ಬಿ. ಚಿಕಿತ್ಸೆಯಲ್ಲಿರುವವರಿಗೆ ವಾಂತಿ, ಹಸಿವಿಲ್ಲದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕುಡಿತದ ವಿಷಯ ಮುಚ್ಚಿಡಲು ಟಿ.ಬಿ. ಮಾತ್ರೆಯನ್ನೇ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಫಿಟ್ಸ್ ಕಾಯಿಲೆಗೆ ಫೆನಿಟಾಯಿನ್ ತೆಗೆದುಕೊಳ್ಳುವವರು ದಿನವೂ ಕುಡಿದರೆ ಔಷಧಿ ಬೇಗ ಒಡೆದುಹೋಗಿ ಫಿಟ್ಸ್ ಮರುಕಳಿಸಬಹುದು. ಡಾಕ್ಟರ್ ‘ಮಾತ್ರೆ ಸಾಲುತ್ತಿಲ್ಲ’ ಎಂದು ಪ್ರಮಾಣ ಹೆಚ್ಚಿಸುತ್ತಾರೆ. ಮುಂದೆ ಆ ವ್ಯಕ್ತಿ ಕುಡಿತ ಬಿಟ್ಟಾಗ ಲಿವರಿನ ವೇಗ ಕೆಲವು ವಾರಗಳಲ್ಲಿ ಇಳಿಯುತ್ತದೆ, ಹೆಚ್ಚಿಸಿದ ಮಾತ್ರೆ ಈಗ ಅತಿಯಾಗುತ್ತದೆ. ನಡೆಯುವಾಗ ತೂರಾಟ, ಎರಡೆರಡು ಕಾಣುವುದು, ಮಂಪರು ಶುರುವಾಗುತ್ತವೆ. ಮನೆಯವರು ‘ಮತ್ತೆ ಕುಡಿದು ಬಂದ’ ಎಂದು ಬೈಯುತ್ತಾರೆ. ಪಾಪ, ಅವನು ಕುಡಿದಿರುವುದಿಲ್ಲ. ಕುಡಿತ ಬಿಟ್ಟಾಗಲೂ ಔಷಧಿಯ ಪ್ರಮಾಣವನ್ನು ಮತ್ತೆ ನೋಡಿಸಬೇಕು ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ತೊದಲುವ ಮಾತು ಎಲ್ಲವೂ ಅಮಲಿನಂತೆಯೇ ಕಾಣುವುದರಿಂದ ‘ಮಲಗಲಿ ಬಿಡಿ’ ಎಂದು ಸುಮ್ಮನಾಗಿಬಿಡುತ್ತಾರೆ.

ನಿದ್ರೆ ಮಾತ್ರೆಗಳ ಕಥೆ ಬೇರೆ

ಕುಡಿತವನ್ನು ಕಂಡರೆ ಸಿಡಿಯುವ ಮನೆಗಳಲ್ಲೂ ನಿದ್ರೆ ಮಾತ್ರೆ ಸಲೀಸಾಗಿ ಒಳಗೆ ಬಂದಿರುತ್ತದೆ. ಎಂದೋ ಡಾಕ್ಟರ್ ಹತ್ತು ದಿನಕ್ಕೆಂದು ಬರೆದ ಅಲ್ಪ್ರಾಜೋಲಾಮ್ ಹತ್ತು ವರ್ಷ ಮುಂದುವರಿದಿರುತ್ತದೆ. ವಯಸ್ಸಾದ ಅಮ್ಮಿ, ಗಂಡ ದುಬೈಯಲ್ಲಿರುವ ಸೊಸೆ, ರಾತ್ರಿ ಪಾಳಿಯ ಕೆಲಸಗಾರ, ಇವರಲ್ಲಿ ಯಾರಿಗೂ ಅದು ಚಟ ಎಂದು ಅನ್ನಿಸುವುದಿಲ್ಲ.

ನಿದ್ರೆ ಮಾತ್ರೆಗಳಲ್ಲಿ ಎರಡು ಬಗೆಯನ್ನು ತಿಳಿದಿರಬೇಕು. ಫಿನೋಬಾರ್ಬಿಟಾಲ್ ಹಳೆಯ ಬಗೆಯದು. ಅದು ಈಗಲೂ ಫಿಟ್ಸ್‌ಗೆ ಉಪಯೋಗದಲ್ಲಿರುವ, ಕಡಿಮೆ ಬೆಲೆಯ, ಒಳ್ಳೆಯ ಔಷಧಿ. ಡಾ. ಕೆ.ಎಸ್. ಮಣಿ ಅವರ ತಂಡ ನಮ್ಮ ರಾಜ್ಯದ ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಕೊಟ್ಟೇ ಫಿಟ್ಸ್ ಹತೋಟಿಗೆ ತರಬಹುದೆಂದು ತೋರಿಸಿತು. ಆದರೆ ಈ ಔಷಧಿ ಎರಡು ಮೂರು ವಾರಗಳಲ್ಲಿ ಲಿವರ್ ಕಿಣ್ವಗಳನ್ನು ಹೆಚ್ಚಿಸುತ್ತದೆ. ಆಗ ಗರ್ಭನಿರೋಧಕ ಮಾತ್ರೆ, ವಾರ್ಫರಿನ್, ಸ್ಟೆರಾಯ್ಡ್‌ಗಳ ಬಲ ಕುಗ್ಗುತ್ತದೆ. ಹೊಸ ಡಾಕ್ಟರ ಬಳಿ ಹೋದಾಗಲೆಲ್ಲ ಈ ಮಾತ್ರೆಯ ಹೆಸರು ಹೇಳಬೇಕು.

ಅಲ್ಪ್ರಾಜೋಲಾಮ್, ಡಯಾಜೆಪಾಮ್, ಕ್ಲೊನಾಜೆಪಾಮ್ ಎರಡನೆಯ ಬಗೆಯವು. ಇವು ಲಿವರಿನ ವೇಗವನ್ನು ಅಷ್ಟಾಗಿ ಬದಲಿಸುವುದಿಲ್ಲ. ಬದಲಾಗುವುದು ಮೆದುಳು. ದಿನವೂ ಹೊರಗಿನಿಂದ ಶಾಂತಿ ಬರುತ್ತಿದ್ದರೆ ಮೆದುಳು ತನ್ನದೇ ಶಾಂತಗೊಳಿಸುವ ವ್ಯವಸ್ಥೆಯನ್ನು ಸಡಿಲಿಸುತ್ತದೆ. ಒಂದು ಮಾತ್ರೆಯ ಜಾಗದಲ್ಲಿ ಎರಡು ಬೇಕಾಗುತ್ತದೆ. ನಿದ್ರೆ ಬರಿಸಲು ಪ್ರಮಾಣ ಏರಿದರೂ ಉಸಿರು ನಿಲ್ಲಿಸುವ ಪ್ರಮಾಣ ಅದೇ ಲೆಕ್ಕದಲ್ಲಿ ಮೇಲೇರುವುದಿಲ್ಲ. ನಡುವಿನ ಅಂತರ ಕಿರಿದಾಗುತ್ತಾ ಹೋಗುತ್ತದೆ. ಅದಕ್ಕೆ ಮದ್ಯ ಸೇರಿದರೆ ಪ್ರಾಣಕ್ಕೇ ಅಪಾಯ. ಕ್ಲಾರಿಥ್ರೊಮೈಸಿನ್‌ನಂತಹ ಆಂಟಿಬಯಾಟಿಕ್, ಇಟ್ರಾಕೊನಜೋಲ್‌ನಂತಹ ಹುಳುಕಡ್ಡಿಯ ಮಾತ್ರೆ ಅಲ್ಪ್ರಾಜೋಲಾಮ್ ಒಡೆಯುವುದನ್ನು ತಡೆದು ಮಂಪರನ್ನು ಹೆಚ್ಚಿಸುತ್ತವೆ. ಈ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು ಎಂದು ಕಾನೂನು ಇರುವುದು ಸುಮ್ಮನೆ ಅಲ್ಲ.

ತಮಗೆ ಗೊತ್ತಿಲ್ಲದೆ ಇವುಗಳ ದಾಸರಾದವರೂ ಇದ್ದಾರೆ. ರಾಯಚೂರು ಕಡೆ ಅಕ್ರಮ ಸೇಂದಿಗೆ ‘ಸಿಎಚ್ ಪೌಡರ್’ ಬೆರೆಸುವ ದಂಧೆ ಅಬಕಾರಿ ದಾಳಿಗಳಲ್ಲಿ ಮತ್ತೆ ಮತ್ತೆ ಬಯಲಾಗಿದೆ. ಇದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ರಾಜನಕ ರಾಸಾಯನಿಕ. ಪಕ್ಕದ ತೆಲಂಗಾಣದಲ್ಲಿ ಸೇಂದಿಗೆ ಅಲ್ಪ್ರಾಜೋಲಾಮ್, ಡಯಾಜೆಪಾಮ್ ಬೆರೆಸುತ್ತಿದ್ದುದೂ ಪತ್ತೆಯಾಗಿದೆ. 2015ರಲ್ಲಿ ಅಲ್ಲಿ ಕಲಬೆರಕೆಯ ವಿರುದ್ಧ ಕ್ರಮ ಬಿಗಿಯಾದಾಗ ದಿನವೂ ಕುಡಿಯುತ್ತಿದ್ದ ಕೂಲಿಕಾರರು ನಡುಕ, ಫಿಟ್ಸ್, ಭ್ರಮೆಗಳಿಂದ ಆಸ್ಪತ್ರೆ ಸೇರಿದರು. ಅವರು ಕುಡಿದದ್ದರಿಂದ ಅಲ್ಲ, ಸಿಗುತ್ತಿದ್ದದ್ದು ಏಕಾಏಕಿ ನಿಂತದ್ದರಿಂದ ಕಾಯಿಲೆ ಬಿದ್ದರು.

ಒಮ್ಮೆಲೇ ಬಿಟ್ಟಾಗ ಏನಾಗುತ್ತದೆ?

ನಮ್ಮ ಡ್ರೈವರಿಗೆ ಆದದ್ದೂ ಇದೇ. ದಿನವೂ ಹೆಚ್ಚಾಗಿ ಕುಡಿಯುವವನು ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಎದೆಬಡಿತ ಶುರುವಾಗುತ್ತವೆ. 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಜ್ವರ, ದಿಕ್ಕು ತೋಚದಿರುವುದು, ಇಲ್ಲದ್ದು ಕಾಣಿಸುವುದು ಆಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯಬಲ್ಲದು. ‘ಜಿನ್ ಹಿಡಿದಿದೆ’ ಎಂದು ತಾಯತ ಕಟ್ಟಿಸಿ ಸಮಯ ಕಳೆಯುವ ಹಂತ ಇದಲ್ಲ. 108ಕ್ಕೆ ಕರೆ ಮಾಡುವ ಹಂತ. ನಿದ್ರೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರಬಹುದು. ಅಲ್ಪ್ರಾಜೋಲಾಮ್ ಆದರೆ ಒಂದೆರಡು ದಿನದಲ್ಲಿ, ಡಯಾಜೆಪಾಮ್ ಆದರೆ ವಾರ ಕಳೆದ ಮೇಲೂ ಬರಬಹುದು.

ಹಾಗೆಂದು ಕುಡಿತ ಬಿಡಬೇಡಿ ಎಂದು ಇದರ ಅರ್ಥವಲ್ಲ. ಬಿಡಲೇಬೇಕು, ಆದರೆ ವೈದ್ಯರ ಕಣ್ಣೆದುರು ಬಿಡಬೇಕು. ‘ದಿನಕ್ಕಿಷ್ಟು ಕಡಿಮೆ ಕುಡಿಯುತ್ತಾ ಬರುತ್ತೇನೆ’ ಎನ್ನುವ ಅಗತ್ಯವೂ ಇಲ್ಲ. ಮದ್ಯವನ್ನು ಪೂರ್ತಿ ನಿಲ್ಲಿಸಿ, ಮೆದುಳು ಕೆರಳದಂತೆ ಡಾಕ್ಟರ್ ಕೆಲವು ದಿನ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಕೊಡುತ್ತಾರೆ. ಅದನ್ನು ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಜೊತೆಗೆ ಬಿ1 ಜೀವಸತ್ವ ಕೊಡುತ್ತಾರೆ. ಹೆಚ್ಚಿನವರಿಗೆ ಇದು ಒಂದು ವಾರ, ಹತ್ತು ದಿನದ ಕೆಲಸ. ನಿದ್ರೆ ಮಾತ್ರೆಯನ್ನಾದರೆ ವಾರಗಳು, ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸಬೇಕಾಗುತ್ತದೆ. ಆದ್ದರಿಂದ ರಮಝಾನ್‌ನಲ್ಲಿ ಬಿಡುವ ನಿಯ್ಯತ್ ಇರುವವರು ಶಅಬಾನ್‌ನಲ್ಲೇ ಡಾಕ್ಟರನ್ನು ಕಾಣುವುದು ಒಳ್ಳೆಯದು. ಚಿಕಿತ್ಸೆಯ ದಿನಗಳಲ್ಲಿ ಉಪವಾಸ ಹಿಡಿಯಲು ಆಗದಿದ್ದರೆ ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ, ಮುಂದೆ ಕಝಾ ಮಾಡಬಹುದು. ಇದನ್ನು ನಿಮ್ಮ ಮಸೀದಿಯ ಇಮಾಮರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಆಪರೇಷನ್‌ಗೆ ಮುನ್ನವೂ ಇದೇ ಮಾತು. ಅರಿವಳಿಕೆ ಕೊಡುವ ಡಾಕ್ಟರಿಗೆ ಕುಡಿತ ಅಥವಾ ನಿದ್ರೆ ಮಾತ್ರೆಯ ವಿಷಯ ಗೊತ್ತಿರಲೇಬೇಕು. ಒಗ್ಗಿಹೋದ ಮೆದುಳಿಗೆ ಮಾಮೂಲಿ ಪ್ರಮಾಣ ಸಾಲದಿರಬಹುದು, ಕೆಟ್ಟ ಲಿವರಿಗೆ ಅದೇ ಹೆಚ್ಚಾಗಬಹುದು. ಆಸ್ಪತ್ರೆಯಲ್ಲಿ ಮಲಗಿದ ಎರಡನೆಯ, ಮೂರನೆಯ ದಿನ ಕುಡಿತ ನಿಂತ ಕಾರಣಕ್ಕೇ ಫಿಟ್ಸ್ ಬರಬಹುದು.

ಎಲ್ಲಿ ಹೇಳಬೇಕು, ಹೇಗೆ ಹೇಳಬೇಕು?

ಈ ವಿಷಯದಲ್ಲಿ ನಮ್ಮ ನೆಲ ಹಿಂದುಳಿದದ್ದೇನಲ್ಲ. 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅಂದಿನ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಮನೋರೋಗ ಮತ್ತು ಫಿಟ್ಸ್ ಚಿಕಿತ್ಸೆಯ ತರಬೇತಿ ಕೊಟ್ಟಿತು. ಆಗ ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ಆ ಒಂದೇ ಜಿಲ್ಲೆಯಲ್ಲಿದ್ದವು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಆಧಾರ. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಎರಡೂ ಉಚಿತ. ರೋಗಿಯ ಗುಟ್ಟನ್ನು ಕಾಯುವುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಡಿ ಚಿಕಿತ್ಸೆ ನೀಡುವವರ ಕರ್ತವ್ಯ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ.

ಡಾಕ್ಟರ ಬಳಿ ಹೋಗುವಾಗ ಈ ಐದನ್ನು ನೆನಪಿಟ್ಟುಕೊಳ್ಳಿ:

1. ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ.

2. ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ. ಫಿಟ್ಸ್ ಬಂದಾಗ ಎಲ್ಲಕ್ಕಿಂತ ಮುಖ್ಯವಾದ ಉತ್ತರ ಇದು.

3. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ. ನಿದ್ರೆ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧಿ ಯಾವುದನ್ನೂ ಬಿಡಬೇಡಿ. ಖಾಲಿ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋದರೂ ಸಾಕು.

4. ಹಿಂದೆ ಬಿಡಲು ಯತ್ನಿಸಿದಾಗ ನಡುಕ, ಫಿಟ್ಸ್, ಭ್ರಮೆ ಆಗಿತ್ತೇ ಎಂಬುದು.

5. ಬಿಟ್ಟು ತಿಂಗಳಾದ ಮೇಲೆ ಮತ್ತೊಮ್ಮೆ ಹೋಗಿ ಬೇರೆ ಕಾಯಿಲೆಗಳ ಔಷಧಿಯ ಪ್ರಮಾಣವನ್ನು ಪರಿಶೀಲಿಸಿಕೊಳ್ಳುವುದು.

ಎಲ್ಲರೆದುರು ಹೇಳಲು ನಾಚಿಕೆಯಾದರೆ “ಡಾಕ್ಟ್ರೇ, ನಿಮ್ಮ ಹತ್ರ ಒಂದು ನಿಮಿಷ ಒಬ್ಬಳೇ ಮಾತಾಡಬೇಕು” ಎನ್ನಿ. ಬಾಯಿಂದ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಆ ಅತ್ತೆಯನ್ನು ನಾವು ಬೈಯುವಂತಿಲ್ಲ. ಮಗನ ಮಾನ ಕಾಯಲೆಂದೇ ಅವರು ‘ಇಲ್ಲ’ ಎಂದರು. ಆದರೆ ಫಿಟ್ಸ್‌ಗೆ ಕಾರಣ ತಿಳಿಯದ ಡಾಕ್ಟರ್ ಮೂರ್ಛೆರೋಗವೆಂದೋ ಮೆದುಳಿನ ಸೋಂಕೆಂದೋ ಹುಡುಕುತ್ತಾ ಹೋಗುತ್ತಾರೆ. ಜ್ವರವೆಂದು ಮತ್ತೆ ಪ್ಯಾರಸಿಟಮಾಲ್ ಬರೆಯುತ್ತಾರೆ. ಅಷ್ಟರಲ್ಲಿ ಎಪ್ಪತ್ತು, ಎಂಬತ್ತು ಗಂಟೆಗಳ ಅಪಾಯದ ಹೊತ್ತು ಬಂದುಬಿಡುತ್ತದೆ. ಸೊಸೆ ವಾರ್ಡಿನ ಬಾಗಿಲ ಬಳಿ ನರ್ಸನ್ನು ಕರೆದು “ಸಿಸ್ಟರ್, ಇವರು ಹದಿನೈದು ವರ್ಷದಿಂದ ದಿನಾ ಕುಡೀತಿದ್ರು. ಮೊನ್ನೆ ರಾತ್ರಿ ಕೊನೆ. ಮಾತ್ರೆ ನಾಲ್ಕು ನುಂಗಿದ್ದಾರೆ” ಎಂದು ಹೇಳಿದರೆ ಸಾಕು. ಮುಂದಿನ ಚಿಕಿತ್ಸೆ ಏನೆಂಬುದು ಡಾಕ್ಟರಿಗೆ ಗೊತ್ತಿದೆ. ಅವನು ಮಾಡಿದ ತೌಬಾ ಉಳಿಯಬೇಕಾದರೆ ಮೊದಲು ಅವನು ಉಳಿಯಬೇಕು.